ಎಕರೆ ಲೆಕ್ಕ ಆಯ್ತು, ಹೊಗೆ ಲೆಕ್ಕ ಎಲ್ಲಿ?

ಎಲ್ರಿಗೂ ನಮಸ್ಕಾರ. ಇವತ್ತು ಎರಡು ಸಂಖ್ಯೆ ಇಟ್ಕೊಂಡು ಮಾತು ಶುರು ಮಾಡ್ತೀನಿ, 33 ಮತ್ತೆ 417. 2019-20ರಲ್ಲಿ ಆಸ್ಟ್ರೇಲಿಯಾದಲ್ಲಿ ತಿಂಗಳುಗಟ್ಟಲೆ ಕಾಡು ಹತ್ತಿ ಉರೀತಲ್ಲ, ಅಲ್ಲಿಯವರು ಬ್ಲ್ಯಾಕ್ ಸಮ್ಮರ್ ಅಂತಾರೆ, ಆ ಬೆಂಕಿಗೆ ನೇರವಾಗಿ ಸಿಕ್ಕಿ ಸತ್ತವರು 33 ಜನ. ಹೊಗೆ ಕುಡಿದು ಸತ್ತವರು ಎಷ್ಟು ಅಂತ ಸಂಶೋಧಕರು ಲೆಕ್ಕ ಹಾಕಿದಾಗ ಬಂದಿದ್ದು 417. ಆ 33 ಜನರ ಹೆಸರು, ಊರು ಎಲ್ಲ ದಾಖಲಾಗಿದೆ, ಆದ್ರೆ ಈ 417ರಲ್ಲಿ ಒಬ್ಬರನ್ನೂ ಹೆಸರಿಟ್ಟು ತೋರ್ಸೋಕಾಗಲ್ಲ, ಯಾಕಂದ್ರೆ ಡೆತ್ ಸರ್ಟಿಫಿಕೇಟಲ್ಲಿ ಹಾರ್ಟ್ ಅಟ್ಯಾಕ್ ಅಂತಾನೋ ಉಬ್ಬಸ ಅಂತಾನೋ ಇರತ್ತೆ, ಹೊಗೆ ಅಂತ ಯಾರು ಬರೀತಾರೆ ಹೇಳಿ.

ಇದನ್ನ ಹೇಳಿದ ತಕ್ಷಣ ಕೆಲವರು "ಅಯ್ಯೋ ಅದು ಬರೀ ಅಂದಾಜು ಬಿಡಿ" ಅಂತಾರೆ. ನನಗೆ ಬೇಜಾರಾಗೋದೇ ಅಲ್ಲಿ. ಅಂದಾಜು ಅಂದ್ರೆ ಬಾಯಿಗೆ ಬಂದಿದ್ದಲ್ಲ ಸ್ವಾಮಿ. ಯಾವ ಊರಲ್ಲಿ ಯಾವ ದಿನ ಪಿಎಂ 2.5, ಅಂದ್ರೆ ಉಸಿರಲ್ಲಿ ಎದೆಯೊಳಗೆ ಇಳಿಯೋ ತೀರಾ ಸಣ್ಣ ಧೂಳು, ಎಷ್ಟಿತ್ತು, ಅಲ್ಲಿ ಎಷ್ಟು ಜನ ಇದ್ರು, ಮಾಮೂಲಿ ದಿನಗಳಲ್ಲಿ ಸಾವು ಎಷ್ಟಾಗತ್ತೆ, ಆ ಧೂಳು ಇಷ್ಟು ಏರಿದ್ರೆ ಸಾವು ಎಷ್ಟು ಏರತ್ತೆ, ಇಷ್ಟನ್ನೂ ಸೇರಿಸಿ ಹಾಕಿದ ಲೆಕ್ಕ ಅದು. ಜೊತೆಗೆ 153ರಿಂದ 680ರ ನಡುವೆ ಎಷ್ಟಾದ್ರೂ ಇರಬಹುದು ಅಂತ ಅವರೇ ಬರೆದಿದ್ದಾರೆ. ನಂಗೆ ಕೇಳಿದ್ರೆ ಗ್ಯಾಪ್ ಇಟ್ಟು ಹೇಳೋನೇ ನಂಬಿಕಸ್ಥ.

ಸರಿ, ಇನ್ನು ಹೊಗೆ ಎಷ್ಟು ಎದ್ದಿತು ಅಂತ ಹೆಂಗೆ ಕಂಡುಹಿಡೀತಾರೆ? ಹಳೇ ದಾರಿ ಒಂದು ಗುಣಾಕಾರ. ಎಷ್ಟು ಜಾಗ ಸುಟ್ಟಿತು, ಅಲ್ಲಿ ಸುಡೋಕೆ ಸೌದೆ ತರಗೆಲೆ ಎಲ್ಲ ಎಷ್ಟಿತ್ತು, ಅದರಲ್ಲಿ ಎಷ್ಟು ಭಾಗ ನಿಜವಾಗ್ಲೂ ಉರೀತು, ಒಂದು ಕೆಜಿ ಉರಿದ್ರೆ ಎಷ್ಟು ಗ್ರಾಂ ಧೂಳು, ಎಷ್ಟು ಗ್ಯಾಸ್. ನಾಲ್ಕೂ ಗುಣಿಸಿದ್ರೆ ಉತ್ತರ, ಕೇಳೋಕೆ ಹೈಸ್ಕೂಲ್ ಲೆಕ್ಕ. ಆದ್ರೆ ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ತಪ್ಪಿದ್ರೆ ಗುಣಿಸ್ತಾ ಗುಣಿಸ್ತಾ ತಪ್ಪೂ ದೊಡ್ಡದಾಗತ್ತೆ. ಹಸಿ ಸೌದೆ ಒಲೆಗಿಟ್ಟೋರಿಗೆ ಗೊತ್ತು, ಧಗಧಗ ಉರಿಯೋ ಬೆಂಕಿಗಿಂತ ಉರಿ ಹತ್ತದೆ ಬುಸುಬುಸು ಹೊಗೆಯಾಡೋದ್ರಲ್ಲೇ ಕಣ್ಣು ಮೂಗು ಉರಿಯೋದು ಜಾಸ್ತಿ. ಕಾಡಲ್ಲೂ ಅಷ್ಟೇ. ಬೆಂಕಿ ಮುಂದೆ ಓಡಿ ಹೋದ್ಮೇಲೂ ದಿಮ್ಮಿಗಳು ದಿನಗಟ್ಟಲೆ ಒಳಗೊಳಗೇ ಕನಲ್ತಾ ಇರ್ತವೆ, ಮೇಲಿಂದ ನೋಡೋ ಸ್ಯಾಟಲೈಟಿಗೆ ಆ ಕಾವು ಎಷ್ಟೋ ಸಲ ಕಾಣೋದೇ ಇಲ್ಲ, ಮೇಲೆ ದಟ್ಟ ಹೊಗೆ ಮೋಡ ಇದ್ರಂತೂ ಮುಗೀತು.

ಆಸ್ಟ್ರೇಲಿಯಾದಲ್ಲಿ ಇದು ಕಣ್ಣಿಗೆ ಹೊಡೆಯೋ ಹಂಗೆ ಬಯಲಾಯ್ತು. ಸುಟ್ಟಿದ್ದರಲ್ಲಿ ದೊಡ್ಡ ಪಾಲು ನೀಲಗಿರಿ ಜಾತಿ ಮರಗಳ ಕಾಡು, ಬರಗಾಲದಲ್ಲಿ ಒಣಗಿ ನಿಂತಿತ್ತು. ಯುರೋಪಿನವರ ಸ್ಯಾಟಲೈಟಲ್ಲಿ ಟ್ರೋಪೋಮಿ ಅಂತ ಒಂದು ಉಪಕರಣ ಇದೆ, ಅದು ಗಾಳಿಯಲ್ಲಿರೋ ಕಾರ್ಬನ್ ಮಾನಾಕ್ಸೈಡ್ ಅಳೆಯತ್ತೆ. ಅದನ್ನ ಹಿಡ್ಕೊಂಡು, ಅಷ್ಟು ಬರೋಕೆ ಎಷ್ಟು ಉರಿದಿರಬೇಕು ಅಂತ ಹಿಂದಕ್ಕೆ ಲೆಕ್ಕ ಹಾಕಿದ್ರೆ ಮೂರು ತಿಂಗಳಲ್ಲಿ ಸುಮಾರು 71.5 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಬಂತು, ಗುಣಾಕಾರದ ದಾರಿಯಲ್ಲಿ ಹೋದ ಲೆಕ್ಕಗಳು ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ! ಗಾಳಿಯನ್ನೇ ಅಳೆದು ನೋಡದೇ ಇದ್ದಿದ್ರೆ ಅರ್ಧ ಲೆಕ್ಕವೇ ಪೂರ್ತಿ ಲೆಕ್ಕ ಅಂತ ಪುಸ್ತಕ ಸೇರ್ತಿತ್ತು.

ಆದ್ರೆ ಟನ್ ಗೊತ್ತಾದ ಮಾತ್ರಕ್ಕೆ ಮೂಗಿಗೆ ಎಷ್ಟು ಬಂತು ಅಂತ ಗೊತ್ತಾಗಲ್ಲ. ಆ ಬೆಂಕಿಯ ಹೊಗೆಯಲ್ಲಿ ಒಂದಷ್ಟು 35 ಕಿಲೋಮೀಟರ್ ಎತ್ತರಕ್ಕೆ ಹೋಯ್ತು, ಇನ್ನೊಂದಷ್ಟು ಸಿಡ್ನಿ, ಕ್ಯಾನ್‌ಬೆರಾ ಬೀದಿಗಳಲ್ಲೇ ಕೂತ್ಕೊಳ್ತು. ಸ್ಯಾಟಲೈಟಿಗೆ ಕಾಣೋದು ನೆಲದಿಂದ ಆಕಾಶದವರೆಗಿನ ಒಟ್ಟು ಹೊಗೆ, ನಾವು ಉಸಿರಾಡೋದು ನೆಲಕ್ಕೆ ತಾಗಿರೋ ಆ ಒಂದು ಪದರನ್ನ. ಅದಕ್ಕೆ ನೆಲದ ಮೇಲೆ ಮೀಟರ್ ಬೇಕೇ ಬೇಕು. ಅಮೆರಿಕದಲ್ಲಿ ಜನ ಮನೆ ಗೋಡೆಗೆ ಹಾಕ್ಕೊಂಡಿರೋ ಸಣ್ಣ ಸೆನ್ಸರ್‌ಗಳ ರೀಡಿಂಗನ್ನೂ ಸರ್ಕಾರದ ಹೊಗೆ ಮ್ಯಾಪಿಗೆ ಸೇರಿಸ್ತಾರೆ, ಅವು ಹೊಗೆಯನ್ನ ಜಾಸ್ತಿ ತೋರಿಸ್ತವೆ ಅಂತ ಒಂದು ಸೂತ್ರ ಹಾಕಿ ತಿದ್ದಿ ಬಳಸ್ತಾರೆ. ಇದು ನಂಗೆ ತುಂಬಾ ಇಷ್ಟ ಆದ ಕೆಲಸ, ಚೀಪ್ ಮೀಟರ್ ಅಂತ ಬಿಸಾಕ್ಲಿಲ್ಲ.

ಆದ್ರೂ ಪಿಎಂ 2.5 ಅನ್ನೋದು ಧೂಳಿನ ತೂಕ ಹೇಳತ್ತೆ, ಅದರೊಳಗೆ ಏನಿದೆ ಅಂತ ಹೇಳಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಅನ್ನೋ ಊರೇ ಸುಟ್ಟು ಹೋದಾಗ ಪಕ್ಕದ ಚಿಕೋ ಊರಿನ ಗಾಳಿಯಲ್ಲಿ ಸೀಸ ಮಾಮೂಲಿಗಿಂತ ಸುಮಾರು 50 ಪಟ್ಟು ಏರಿತ್ತು. ಮನೆಗಳ ಪೇಂಟು, ಪೈಪು, ವೈರು ಎಲ್ಲ ಉರಿದ ಹೊಗೆ ಅದು. ಆ ವಿಶ್ಲೇಷಣೆ ಜನರ ಕೈಗೆ ಸಿಕ್ಕಿದ್ದು 2021ರಲ್ಲಿ! ಮಕ್ಕಳು ಉಸಿರಾಡಿ ಮೂರು ವರ್ಷ ಆದ್ಮೇಲೆ ಗೊತ್ತಾದ್ರೆ ತಾಯಂದಿರು ಏನು ಮಾಡ್ಬೇಕು?

ನಮ್ಮ ಕಡೆಗೆ ಬಂದ್ರೆ, 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಚರ್ಚೆ ಎಲ್ಲ ಎಕರೆ ಮೇಲೇ ನಡೀತು, ಸ್ಯಾಟಲೈಟ್ ಚಿತ್ರ ನೋಡಿ ಹತ್ತು ಸಾವಿರ ಎಕರೆಗೂ ಜಾಸ್ತಿ ಅಂತ ಹೇಳಿದ್ರು. ಎಕರೆ ಬೇಕು, ಬೇಡ ಅನ್ನಲ್ಲ, ಗುಣಾಕಾರದ ಮೊದಲ ಸಂಖ್ಯೆನೇ ಅದು. ಆದ್ರೆ ಮುಖಕ್ಕೆ ಟವೆಲ್ ಸುತ್ಕೊಂಡು ಹಸಿ ಸೊಪ್ಪಿನ ಕೊಂಬೆಯಿಂದ ಬೆಂಕಿ ಬಡಿಯೋ ಫೈರ್ ವಾಚರ್‌ಗಳು, ಆ ಹೊಗೆಯೊಳಗೇ ರಾತ್ರಿ ಕಳೆಯೋ ಹಾಡಿ ಜನ, ಇವರ ಎದೆಗೆ ಹೋಗಿದ್ದು ಎಷ್ಟು ಅಂತ ಎಕರೆ ಹೇಳಲ್ಲ. ಒಂದು ಸೆನ್ಸರ್ ವಾಚರ್ ಸೊಂಟಕ್ಕೆ, ಒಂದು ಹಾಡಿಯ ಅಂಗನವಾಡಿ ಗೋಡೆಗೆ ಹಾಕಿ ನೋಡಿ. ಬೇಸಿಗೆ ಮುಗಿದ್ಮೇಲೆ ಸುಟ್ಟ ಎಕರೆ ಜೊತೆ ಹೊಗೆಯ ಲೆಕ್ಕಾನೂ ಕೊಡಿ, ಇಷ್ಟರಿಂದ ಇಷ್ಟರೊಳಗೆ ಅಂತ ಗ್ಯಾಪ್ ಇಟ್ಟೇ ಕೊಡಿ, ಪರವಾಗಿಲ್ಲ. ಮುಂದಿನ ಬೇಸಿಗೆ ಹೊತ್ತಿಗೆ ಆ ವಾಚರ್‌ಗೆ ಟವೆಲ್ ಬದಲು ಸರಿಯಾದ ಮಾಸ್ಕ್ ಕೊಡ್ಸೋಕೆ ಆ ಲೆಕ್ಕ ಬೇಕು.