ಕಾಲೇಜ್ ವರ್ಲ್ಡ್ ಸೀರೀಸ್: ಎಂಟು ತಂಡ, ಎರಡು ಸೋಲು, ಪಿಚರ್ ತೋಳಿನ ಲೆಕ್ಕ

[ಕಪ್ಪು ಪರದೆ. ಅಂಕಫಲಕ ಮಾತ್ರ: ಫ್ಲೋರಿಡಾ 24, ಎಲ್‌ಎಸ್‌ಯು 4]

2023ರ ಜೂನ್ 25, ಭಾನುವಾರ. ಅಮೆರಿಕದ ಕಾಲೇಜ್ ಬೇಸ್‌ಬಾಲ್ ಫೈನಲ್‌ನ ಎರಡನೇ ಪಂದ್ಯ. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯು, ಇಪ್ಪತ್ತು ರನ್ ಅಂತರದಲ್ಲಿ ಸೋತುಹೋಯ್ತು. ಮಾರನೇ ದಿನ ಅದೇ ತಂಡ ಅದೇ ಫ್ಲೋರಿಡಾವನ್ನ 18-4ರಲ್ಲಿ ಸೋಲಿಸಿ ಚಾಂಪಿಯನ್ ಆಯ್ತು. ಇನ್ನೂ ಒಂದು ವಿಷಯ ಇದೆ. ಎಲ್‌ಎಸ್‌ಯುನ ಅತ್ಯುತ್ತಮ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು, ಪಾಲ್ ಸ್ಕೀನ್ಸ್ ಫೈನಲ್‌ನ ಮೂರೂ ಪಂದ್ಯಗಳಲ್ಲಿ ಒಂದೇ ಒಂದು ಎಸೆತ ಎಸೆಯಲಿಲ್ಲ. ಆದರೂ ಟೂರ್ನಿಯ ಶ್ರೇಷ್ಠ ಆಟಗಾರ ಅಂತ ಆರಿಸಿದ್ದು ಅವರನ್ನೇ.

ಇದೆಲ್ಲ ಹೇಗೆ ಸಾಧ್ಯ ಅಂತ ಅರ್ಥ ಆಗಬೇಕಾದರೆ ಈ ಟೂರ್ನಿಯ ರಚನೆ ಗೊತ್ತಿರಬೇಕು. ಅದು ಗೊತ್ತಾದ ಮೇಲೆ ಪಂದ್ಯ ನೋಡುವ ರೀತಿಯೇ ಬೇರೆ ಆಗುತ್ತೆ.

[ಅಮೆರಿಕದ ನಕ್ಷೆ. 64 ಚುಕ್ಕೆ, ಆಮೇಲೆ 16, ಆಮೇಲೆ 8]

ಅಮೆರಿಕದ ಕಾಲೇಜ್ ಕ್ರೀಡೆಗಳನ್ನ ನಡೆಸೋ ಸಂಸ್ಥೆ ಎನ್‌ಸಿಎಎ. ಅದರ ಮೊದಲನೇ ವಿಭಾಗದಲ್ಲಿ ಸುಮಾರು 300 ಕಾಲೇಜ್ ತಂಡಗಳಿವೆ. ಫೆಬ್ರವರಿ ಮಧ್ಯದಲ್ಲಿ ಸೀಸನ್ ಶುರು. ಮೇ ಕೊನೆಯ ಸೋಮವಾರ 64 ತಂಡಗಳ ಪಟ್ಟಿ ಬರುತ್ತೆ. ತಮ್ಮ ತಮ್ಮ ಕಾನ್ಫರೆನ್ಸ್, ಅಂದರೆ ಕಾಲೇಜ್‌ಗಳ ಗುಂಪು, ಗೆದ್ದವರು ನೇರವಾಗಿ ಒಳಗೆ, ಉಳಿದವರನ್ನ ಒಂದು ಸಮಿತಿ ಆರಿಸುತ್ತೆ. ಬಲವಾದ ತಂಡಗಳಿಗೆ ಸೀಡ್, ಅಂದರೆ ಶ್ರೇಯಾಂಕ, ಕೊಡ್ತಾರೆ. ಮೊದಲ 16ರಲ್ಲಿ ಸೀಡ್ ಸಿಕ್ಕರೆ ಸಾಮಾನ್ಯವಾಗಿ ಮೊದಲ ಸುತ್ತು ಸ್ವಂತ ಮೈದಾನದಲ್ಲೇ, ತಮ್ಮ ಜನರ ಮುಂದೆ.

ಮೊದಲ ಸುತ್ತು ರೀಜನಲ್. 16 ಊರು, ಒಂದೊಂದು ಊರಲ್ಲಿ ನಾಲ್ಕು ತಂಡ, ಎರಡು ಸಲ ಸೋತರೆ ಮನೆಗೆ. ಐಪಿಎಲ್ ಪ್ಲೇಆಫ್‌ನಲ್ಲಿ ಮೊದಲ ಕ್ವಾಲಿಫೈಯರ್ ಸೋತವರಿಗೆ ಇನ್ನೊಂದು ಅವಕಾಶ ಇರುತ್ತಲ್ಲ, ಆ ಅವಕಾಶ ಇಲ್ಲಿ ಪ್ರತಿ ತಂಡಕ್ಕೂ ಇದೆ. ರೀಜನಲ್ ಗೆದ್ದ 16 ತಂಡಗಳು ಜೋಡಿ ಜೋಡಿಯಾಗಿ ಸೂಪರ್ ರೀಜನಲ್ ಆಡ್ತವೆ, ಮೂರರಲ್ಲಿ ಎರಡು ಗೆದ್ದವರು ಮುಂದೆ. ಉಳಿದ ಎಂಟು ತಂಡಗಳು ನೆಬ್ರಾಸ್ಕಾ ರಾಜ್ಯದ ಓಮಹಾಕ್ಕೆ ಹೋಗ್ತವೆ. ಅಲ್ಲಿ ನಡೆಯೋದೇ ಕಾಲೇಜ್ ವರ್ಲ್ಡ್ ಸೀರೀಸ್.

1947ರಲ್ಲಿ ಮಿಷಿಗನ್‌ನ ಕಲಮಜೂ ಊರಲ್ಲಿ ಶುರುವಾದ ಟೂರ್ನಿ ಇದು. ಆ ಮೊದಲ ವರ್ಷ ಸೋತ ಯೇಲ್ ತಂಡದಲ್ಲಿ ಫಸ್ಟ್ ಬೇಸ್‌ನಲ್ಲಿ ನಿಂತಿದ್ದವರು ಜಾರ್ಜ್ ಎಚ್. ಡಬ್ಲ್ಯು. ಬುಷ್, ಮುಂದೆ ಅಮೆರಿಕದ ಅಧ್ಯಕ್ಷರಾದವರು. 1950ರಿಂದ ಓಮಹಾ ಬಿಟ್ಟು ಬೇರೆಲ್ಲೂ ಹೋಗಿಲ್ಲ. ನಿಂತಿದ್ದು ಒಂದೇ ವರ್ಷ, 2020ರಲ್ಲಿ, ಕೋವಿಡ್‌ನಿಂದ. ಕಾಲೇಜ್ ಆಟಗಾರರು ಇಡೀ ವರ್ಷ "ಓಮಹಾ" ಅಂತ ಊರಿನ ಹೆಸರನ್ನೇ ಗುರಿಯ ಹೆಸರಾಗಿ ಹೇಳ್ತಾರೆ.

ಓಮಹಾದಲ್ಲಿ ನಾಲ್ಕು ನಾಲ್ಕು ತಂಡಗಳ ಎರಡು ಬ್ರ್ಯಾಕೆಟ್. ಮತ್ತೆ ಅದೇ ನಿಯಮ, ಎರಡು ಸೋಲಿಗೆ ಔಟ್. ಎರಡು ಬ್ರ್ಯಾಕೆಟ್ ಗೆದ್ದವರ ಮಧ್ಯೆ ಮೂರು ಪಂದ್ಯದ ಫೈನಲ್. ಈ ಮೂರು ಪಂದ್ಯದ ಪದ್ಧತಿ ಬಂದದ್ದು 2003ರಲ್ಲಿ.

[ಪರದೆ ಮೇಲೆ ಕ್ಯಾಲೆಂಡರ್: ಶುಕ್ರ, ಶನಿ, ಭಾನು, ಸೋಮ]

ಈಗ ಅಸಲಿ ವಿಷಯಕ್ಕೆ ಬರೋಣ. ಸೀಸನ್ ಉದ್ದಕ್ಕೂ ಕಾಲೇಜ್ ತಂಡಗಳು ವಾರಾಂತ್ಯದಲ್ಲಿ ಒಂದೇ ಎದುರಾಳಿ ಮೇಲೆ ಮೂರು ಪಂದ್ಯ ಆಡ್ತವೆ. ಶುಕ್ರವಾರಕ್ಕೆ ಒಬ್ಬ ಪಿಚರ್, ಶನಿವಾರಕ್ಕೆ ಒಬ್ಬ, ಭಾನುವಾರಕ್ಕೆ ಒಬ್ಬ. ತಂಡದ ಅತ್ಯುತ್ತಮ ಪಿಚರ್‌ಗೆ "ಶುಕ್ರವಾರದವನು" ಅನ್ನೋ ಅಡ್ಡಹೆಸರೇ ಇದೆ. 100 ಎಸೆತ ಎಸೆದು ಆರು ದಿನ ವಿಶ್ರಾಂತಿ, ಮತ್ತೆ ಶುಕ್ರವಾರ. ಅವನ ತೋಳು ಈ ತಾಳಕ್ಕೆ ಒಗ್ಗಿಕೊಂಡಿರುತ್ತೆ.

ರೀಜನಲ್ ಈ ತಾಳವನ್ನ ಮುರಿದುಹಾಕುತ್ತೆ. ಒಂದೂ ಸೋಲದೆ ಗೆದ್ದರೆ ಮೂರು ದಿನದಲ್ಲಿ ಮೂರು ಪಂದ್ಯ, ಅಭ್ಯಾಸ ಇರುವ ಲೆಕ್ಕವೇ. ಶುಕ್ರವಾರ ಸೋತಿರೋ, ಕಥೆ ಬೇರೆ. ಶನಿವಾರ ಗೆಲ್ಲಲೇಬೇಕು. ಭಾನುವಾರ ಮಧ್ಯಾಹ್ನ ಗೆಲ್ಲಬೇಕು. ಭಾನುವಾರ ರಾತ್ರಿ, ಇನ್ನೂ ಸೋಲದೆ ಆರಾಮಾಗಿ ಕೂತಿರುವ ತಂಡವನ್ನ ಸೋಲಿಸಬೇಕು. ಅವರಿಗೆ ಅದು ಮೊದಲ ಸೋಲು, ಹಾಗಾಗಿ ಸೋಮವಾರ ಇನ್ನೊಂದು ಸಲ ಸೋಲಿಸಬೇಕು. ನಾಲ್ಕು ದಿನ, ಐದು ಪಂದ್ಯ, ಪಂದ್ಯಕ್ಕೆ ಒಂಬತ್ತರಂತೆ 45 ಇನಿಂಗ್ಸ್. ಇನಿಂಗ್ಸ್‌ಗೆ 16 ಎಸೆತದ ಲೆಕ್ಕ ಹಿಡಿದರೂ 720 ಎಸೆತ. ತಂಡದಲ್ಲಿ 100 ಎಸೆತ ಎಸೆಯೋ ತಾಕತ್ತಿರೋದು ಹೆಚ್ಚೆಂದರೆ ಮೂರು ಜನಕ್ಕೆ. ಮಿಕ್ಕ 420 ಎಸೆತ ಯಾರು ಎಸೀತಾರೆ? ಟೂರ್ನಿ ಗೆಲ್ಲೋದು, ಸೋಲೋದು ಈ ಒಂದು ಪ್ರಶ್ನೆಯ ಮೇಲೆ.

ಅದಕ್ಕೇ ಶುಕ್ರವಾರ ಬೆಳಿಗ್ಗೆ ಕೋಚ್‌ಗಳಿಗೆ ಧರ್ಮಸಂಕಟ. ರೀಜನಲ್‌ನ ಒಳಗೂ ನಾಲ್ಕು ತಂಡಕ್ಕೆ ಸೀಡ್ ಇರುತ್ತೆ. ಅಲ್ಲಿನ ಮೊದಲ ಸೀಡ್ ತಂಡ ನಾಲ್ಕನೇ ಸೀಡ್ ಮೇಲೆ ತನ್ನ ಶ್ರೇಷ್ಠ ಪಿಚರ್‌ನ ಇಳಿಸಬೇಕಾ, ಶನಿವಾರದ ಗಟ್ಟಿ ಎದುರಾಳಿಗೆ ಉಳಿಸಿಕೊಳ್ಳಬೇಕಾ? ಉಳಿಸಿಕೊಂಡು ಶುಕ್ರವಾರ ಸೋತರೆ ಈಗ ಹೇಳಿದ ಐದು ಪಂದ್ಯದ ಹಾದಿ. ನಮ್ಮ ಪ್ರಕಾರ ಮೊದಲ ದಿನವೇ ಇಳಿಸೋದು ಸರಿ. ಮೊದಲ ಪಂದ್ಯ ಗೆದ್ದು ಮುಂದೆಯೂ ಸೋಲದಿದ್ದರೆ ಉಳಿತಾಯ ಆಗೋದು ಎರಡು ಪಂದ್ಯಗಳಷ್ಟು ಎಸೆತ.

[ಅನಿಮೇಷನ್: ಎಸೆಯುವ ತೋಳು. ಮೊಣಕೈಯ ಒಳಬದಿ ಕೆಂಪಾಗುತ್ತದೆ]

ಇನ್ನೊಂದು ದಿನ ಎಸೆದರೆ ಏನಾಗುತ್ತೆ ಅಂತ ಕೇಳಬಹುದು. ಕ್ರಿಕೆಟ್‌ನಲ್ಲಿ ವೇಗದ ಬೌಲರ್ ಮರುದಿನವೂ ಬೌಲಿಂಗ್ ಮಾಡ್ತಾನೆ ನಿಜ. ಆದರೆ ಅವನಿಗೆ ಓಟದ ವೇಗ ಸಿಗುತ್ತೆ, ಕೈ ಬಹುಮಟ್ಟಿಗೆ ನೇರವಾಗಿ ಸುತ್ತುತ್ತೆ. ಪಿಚರ್ ನಿಂತಲ್ಲಿಂದಲೇ 18.44 ಮೀಟರ್ ದೂರಕ್ಕೆ ಎಸೀಬೇಕು. ಮೊಣಕೈ ಮಡಚಿ, ಚಾಟಿ ಬೀಸಿದ ಹಾಗೆ ಬಿಡಿಸಿ ಎಸೆಯೋದರಿಂದ ಅದರ ಒಳಬದಿಯ ಅಸ್ಥಿರಜ್ಜಿನ ಮೇಲೆ ಪ್ರತಿ ಎಸೆತಕ್ಕೂ ವಿಪರೀತ ಎಳೆತ. ಸುತ್ತಲಿನ ಸ್ನಾಯುಗಳು ಚೇತರಿಸಿಕೊಂಡಿದ್ದರೆ ಆ ಹೊರೆ ಹಂಚಿಹೋಗುತ್ತೆ. ದಣಿದಿದ್ದರೆ ಎಲ್ಲ ರಜ್ಜಿನ ಮೇಲೇ. ಅದು ಹರಿದರೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ, ಮತ್ತೆ ಮೈದಾನಕ್ಕೆ ಬರೋಕೆ ಒಂದು ವರ್ಷಕ್ಕೂ ಹೆಚ್ಚು.

ದಣಿವು ಮೊದಲು ತೋರೋದು ಕಾಲಲ್ಲಿ. ಕಾಲು ಸೋತಾಗ ದೇಹ ಮುಂದೆ ಹೋಗುತ್ತೆ, ಕೈ ಹಿಂದೆ ಉಳಿಯುತ್ತೆ. ಚೆಂಡು ಬೇಗ ಬಿಟ್ಟುಹೋಗಿ ಎತ್ತರದಲ್ಲಿ ಬರುತ್ತೆ. ತಿರುಗಿ ಮೊಣಕಾಲ ಹತ್ತಿರ ಮುಳುಗಬೇಕಿದ್ದ ಸ್ಲೈಡರ್ ಎಸೆತ ಸೊಂಟದ ಎತ್ತರದಲ್ಲಿ ತಿರುಗದೆ ನಿಂತುಬಿಡುತ್ತೆ, ಬ್ಯಾಟರ್‌ಗೆ ಅದು ಊಟದೆಲೆ ಹಾಸಿ ಕೊಟ್ಟ ಹಾಗೆ. ಬುಲ್‌ಪೆನ್‌ನಲ್ಲಿ, ಅಂದರೆ ಬದಲಿ ಪಿಚರ್‌ಗಳು ಬೆಚ್ಚಗಾಗೋ ಜಾಗದಲ್ಲಿ, ಕಾಯೋರದ್ದು ಇನ್ನೊಂದು ಪಾಡು. ಬೆಚ್ಚಗಾಗೋಕೆ ಇಪ್ಪತ್ತು ಎಸೆತ ಎಸೆದು, ಕರೆ ಬರದೆ ಕೂತು, ಅರ್ಧ ಗಂಟೆ ಬಿಟ್ಟು ಮತ್ತೆ ಎದ್ದು ಎಸೆದರೆ ಆ ಎಸೆತಗಳು ಅಂಕಪಟ್ಟಿಗೆ ಬರಲ್ಲ. ತೋಳು ಮಾತ್ರ ಎಲ್ಲವನ್ನೂ ಎಣಿಸಿಕೊಂಡಿರುತ್ತೆ.

2009ರ ಮೇ 30. ಟೆಕ್ಸಾಸ್ ಮತ್ತು ಬಾಸ್ಟನ್ ಕಾಲೇಜ್ ನಡುವಿನ ರೀಜನಲ್ ಪಂದ್ಯ 25 ಇನಿಂಗ್ಸ್ ಎಳೆಯಿತು, ಏಳು ಗಂಟೆಗೂ ಹೆಚ್ಚು ಹೊತ್ತು. ಟೆಕ್ಸಾಸ್ 3-2ರಿಂದ ಗೆದ್ದಿತು. ಮಧ್ಯದಲ್ಲಿ ಬಂದ ಟೆಕ್ಸಾಸ್ ಪಿಚರ್ ಆಸ್ಟಿನ್ ವುಡ್ 13 ಇನಿಂಗ್ಸ್, 169 ಎಸೆತ ಎಸೆದರು. ಹಿಂದಿನ ದಿನವೂ ಎಸೆದಿದ್ದರು. ಇದನ್ನ ಸಾಹಸ ಅಂತ ಕೊಂಡಾಡೋರು ಇದ್ದಾರೆ. ಆ ಹುಡುಗನ ಛಲಕ್ಕೆ ನಮಸ್ಕಾರ, ಆದರೆ ಇಂಥ ಹೊರೆ ಯಾವ ಕಾಲೇಜ್ ಆಟಗಾರನ ಮೇಲೂ ಬೀಳಬಾರದು. ಎನ್‌ಸಿಎಎಯಲ್ಲಿ ಎಸೆತಗಳಿಗೆ ಗರಿಷ್ಠ ಮಿತಿ ಅನ್ನೋದೇ ಇಲ್ಲ. ಎಲ್ಲಾ ಕೋಚ್ ವಿವೇಚನೆಗೆ ಬಿಟ್ಟಿದ್ದು.

[ಓಮಹಾ ಕ್ರೀಡಾಂಗಣ, ಮೇಲಿನಿಂದ. ಅಳತೆಗಳು ಮೂಡುತ್ತವೆ: 335, 375, 408 ಅಡಿ]

ಮೈದಾನ ಮತ್ತು ಬ್ಯಾಟ್ ಬಗ್ಗೆ ಸ್ವಲ್ಪ. 2011ರಿಂದ ಪಂದ್ಯ ನಡೆಯೋ ಈ ಕ್ರೀಡಾಂಗಣಕ್ಕೆ ಈಗ ಚಾರ್ಲ್ಸ್ ಶ್ವಾಬ್ ಫೀಲ್ಡ್ ಅಂತ ಹೆಸರು. ನಟ್ಟನಡುವಿನ ಗೋಡೆ 408 ಅಡಿ, ಸುಮಾರು 124 ಮೀಟರ್ ದೂರ. ಬ್ಯಾಟ್ ಲೋಹದ್ದು, ಒಳಗೆ ಟೊಳ್ಳು. ಮೊದಲು ಚೆಂಡು ಅದರಿಂದ ಸ್ಪ್ರಿಂಗ್ ಥರ ಚಿಮ್ಮುತ್ತಿತ್ತು, 1998ರ ಫೈನಲ್ 21-14ಕ್ಕೆ ಮುಗಿದಿತ್ತು. ಆಮೇಲೆ ನಿಯಮ ಬಿಗಿಯಾಯ್ತು. ಬ್ಯಾಟಿನ ಉದ್ದ ಇಂಚಲ್ಲಿ, ತೂಕ ಔನ್ಸಲ್ಲಿ ಹಿಡಿದರೆ ಎರಡರ ಅಂತರ 3 ದಾಟಬಾರದು, ಅಂದರೆ 33 ಇಂಚಿನ ಬ್ಯಾಟ್ ಕನಿಷ್ಠ 30 ಔನ್ಸ್ ತೂಗಬೇಕು. 2011ರಲ್ಲಿ ಬ್ಯಾಟಿನ ಪುಟಿತಕ್ಕೂ ಮಿತಿ ಬಂತು. ದೊಡ್ಡ ಮೈದಾನ, ಸತ್ತ ಬ್ಯಾಟ್, ಜೊತೆಗೆ ಎದುರುಗಾಳಿ. 2013ರಲ್ಲಿ ಓಮಹಾದ ಇಡೀ ಟೂರ್ನಿಗೆ ಬರೀ ಮೂರು ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಥರದ ಹೊಡೆತ, 2014ರಲ್ಲೂ ಮೂರೇ. ನೋಡೋರಿಗೆ ಬೇಜಾರು. 2015ರಲ್ಲಿ ಚೆಂಡಿನ ಹೊಲಿಗೆಯ ಉಬ್ಬು ತಗ್ಗಿಸಿದರು. ಗಾಳಿಯ ತಡೆ ಕಡಿಮೆಯಾಗಿ ಚೆಂಡು ದೂರ ಹೋಗತೊಡಗಿತು.

[ಮತ್ತೆ 2023. ಕ್ಯಾಲೆಂಡರ್‌ನಲ್ಲಿ ಜೂನ್ 17ರಿಂದ 26]

ಈಗ ಆ ಹತ್ತು ದಿನವನ್ನ ಒಂದೊಂದಾಗಿ ನೋಡೋಣ. ಜೂನ್ 17, ಶನಿವಾರ: ಸ್ಕೀನ್ಸ್ ಎಸೆತದ ಬಲದಿಂದ ಎಲ್‌ಎಸ್‌ಯುಗೆ ಟೆನೆಸಿ ಮೇಲೆ 6-3 ಗೆಲುವು. 19, ಸೋಮವಾರ: ಇಡೀ ಟೂರ್ನಿಯ ಮೊದಲ ಸೀಡ್ ವೇಕ್ ಫಾರೆಸ್ಟ್ ಎದುರು 2-3 ಸೋಲು. ಇನ್ನು ಒಂದು ಸೋತರೆ ಮುಗೀತು. ಮಂಗಳ, ಬುಧ, ಗುರು, ಮೂರು ದಿನ ಸತತ ಗೆಲ್ಲಬೇಕು.

ಮಂಗಳವಾರ ಕೋಚ್ ಜೇ ಜಾನ್ಸನ್ ಮಾಡಿದ ಆಯ್ಕೆ ನೋಡಿ. ಸ್ಕೀನ್ಸ್ ಎಸೆದು ಮೂರೇ ದಿನ ಆಗಿತ್ತು. ಅವರನ್ನ ಮುಟ್ಟಲಿಲ್ಲ. ಬುಲ್‌ಪೆನ್‌ನಿಂದಲೇ ಬರ್ತಿದ್ದ ನೇಟ್ ಆಕೆನ್‌ಹೌಸನ್ ಕೈಗೆ ಚೆಂಡು ಕೊಟ್ಟು ಪಂದ್ಯ ಶುರು ಮಾಡಿಸಿದರು. ಅವರು ಆರು ಇನಿಂಗ್ಸ್ ಒಂದು ರನ್ ಕೂಡ ಕೊಡಲಿಲ್ಲ, ಟೆನೆಸಿ 5-0ಗೆ ಸೋತು ಹೊರಗೆ ಹೋಯ್ತು. ಆ ಆರು ಇನಿಂಗ್ಸ್ ಉಳಿಸಿದ್ದು ಇಡೀ ಬುಲ್‌ಪೆನ್‌ನ. ಬುಧವಾರ ವೇಕ್ ಫಾರೆಸ್ಟ್ ಮೇಲೆ 5-2.

ಗುರುವಾರ, ಜೂನ್ 22. ಸ್ಕೀನ್ಸ್‌ಗೆ ನಡುವೆ ನಾಲ್ಕು ದಿನ ಬಿಡುವು ಸಿಕ್ಕಿತ್ತು. 8 ಇನಿಂಗ್ಸ್, 120 ಎಸೆತ, ಎರಡೇ ಹಿಟ್. ಎಂಟನೇ ಇನಿಂಗ್ಸ್‌ನಲ್ಲಿ ಸ್ಕೋರ್ 0-0, ವೇಕ್ ಫಾರೆಸ್ಟ್ ಓಟಗಾರ ಮೂರನೇ ಬೇಸ್‌ನಲ್ಲಿ. ಬ್ಯಾಟರ್ ಚೆಂಡನ್ನ ಮೆತ್ತಗೆ ನೆಲಕ್ಕೆ ತಟ್ಟಿದ, ಓಟಗಾರ ಹೋಮ್ ಕಡೆ ನುಗ್ಗಿದ, ಅದನ್ನ ಮುಟ್ಟಿದರೆ ರನ್. ಎಲ್‌ಎಸ್‌ಯುನ ಫಸ್ಟ್ ಬೇಸ್ ಆಟಗಾರ ಟ್ರೆ ಮಾರ್ಗನ್ ಮುಂದೆ ಓಡಿ ಬಂದು, ಚೆಂಡನ್ನ ಎತ್ತಿ, ಬೀಳ್ತಾ ಬೀಳ್ತಾನೇ ಕ್ಯಾಚರ್‌ಗೆ ತಳ್ಳಿದರು. ಔಟ್. ಹನ್ನೊಂದನೇ ಇನಿಂಗ್ಸ್‌ನಲ್ಲಿ ಎಲ್‌ಎಸ್‌ಯುನ ಟಾಮಿ ವೈಟ್ ಹೊಡೆದ ಎರಡು ರನ್ನಿನ ಹೋಮ್ ರನ್‌ಗೆ ಪಂದ್ಯ ಮುಗೀತು, 2-0.

[ಫೈನಲ್‌ನ ಮೂರು ಅಂಕಫಲಕ]

ಶನಿವಾರ ಫೈನಲ್ ಶುರು. ಸೋಮವಾರದಿಂದ ವಿಶ್ರಾಂತಿಯಲ್ಲಿದ್ದ ಎಲ್‌ಎಸ್‌ಯು ಪಿಚರ್ ಟೈ ಫ್ಲಾಯ್ಡ್ 8 ಇನಿಂಗ್ಸ್‌ನಲ್ಲಿ 17 ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್, ಮಾಡಿದರು. ಎಲ್‌ಎಸ್‌ಯು ಹನ್ನೊಂದು ಇನಿಂಗ್ಸ್‌ನಲ್ಲಿ 4-3. ಭಾನುವಾರ ಆ 24-4. ಇಲ್ಲೇ ರಚನೆಯ ಗುಟ್ಟು ಇರೋದು: ಈ ಟೂರ್ನಿಯಲ್ಲಿ ರನ್‌ರೇಟ್ ಅನ್ನೋದಿಲ್ಲ, ಇಪ್ಪತ್ತು ರನ್ ಸೋಲೂ ಒಂದೇ ಸೋಲು. ಕೈಮೀರಿದ ಪಂದ್ಯದಲ್ಲಿ ಒಳ್ಳೆ ಪಿಚರ್‌ನ ಸುಡೋದು ನಾಳೆಯನ್ನ ಇವತ್ತೇ ಖರ್ಚು ಮಾಡಿದ ಹಾಗೆ. ಸೋಮವಾರ ಥ್ಯಾಚರ್ ಹರ್ಡ್ ಶುರು ಮಾಡಿದರು, 18-4. 120 ಎಸೆತದ ನಾಲ್ಕನೇ ದಿನಕ್ಕೆ ಸ್ಕೀನ್ಸ್‌ನ ಮತ್ತೆ ಇಳಿಸಬೇಕಾದ ಪ್ರಮೇಯವೇ ಬರಲಿಲ್ಲ. ಮುಂದಿನ ತಿಂಗಳು ವೃತ್ತಿಪರ ಡ್ರಾಫ್ಟ್‌ನಲ್ಲಿ ಪಿಟ್ಸ್‌ಬರ್ಗ್ ತಂಡ ಅವರನ್ನ ಮೊದಲನೆಯವರಾಗಿ ಆರಿಸಿತು.

ಸೀಡ್ ದೊಡ್ಡದಿದ್ದ ಮಾತ್ರಕ್ಕೆ ಗೆಲುವು ಗ್ಯಾರಂಟಿ ಅಲ್ಲ. 1999ರಲ್ಲಿ ಮಯಾಮಿ ಗೆದ್ದ ಮೇಲೆ ಇಡೀ ಟೂರ್ನಿಯ ಇನ್ನೊಂದು ಮೊದಲ ಸೀಡ್ ತಂಡ ಕಪ್ ಎತ್ತೋಕೆ 2024ರ ಟೆನೆಸಿವರೆಗೆ ಕಾಯಬೇಕಾಯ್ತು. 2008ರಲ್ಲಿ ಫ್ರೆಸ್ನೊ ಸ್ಟೇಟ್ ತನ್ನ ರೀಜನಲ್‌ನ ನಾಲ್ಕನೇ ಸೀಡ್ ಆಗಿ ಬಂದು, ಸೀಸನ್‌ನಲ್ಲಿ 31 ಪಂದ್ಯ ಸೋತೂ ಚಾಂಪಿಯನ್ ಆಯ್ತು.

[ಪರದೆ ಮೇಲೆ: ನೋಡುವಾಗ ಗಮನಿಸಿ]

ಜೂನ್‌ನಲ್ಲಿ ನೋಡೋಕೆ ಕೂತರೆ, ಓಮಹಾದ ಸಂಜೆ 6 ಗಂಟೆ ಅಂದರೆ ನಮ್ಮಲ್ಲಿ ಮರುದಿನ ಬೆಳಗಿನ ಜಾವ 4:30. ಪರದೆಯ ಮೂಲೆಯಲ್ಲಿ ಪಿಚರ್‌ನ ಎಸೆತದ ಎಣಿಕೆ ಇರುತ್ತೆ, 80 ದಾಟಿದ ಮೇಲೆ ಚೆಂಡು ಎಷ್ಟು ಎತ್ತರಕ್ಕೆ ಬರ್ತಿದೆ ನೋಡಿ. ಒಂದೇ ಇನಿಂಗ್ಸ್‌ನಲ್ಲಿ ಕೋಚ್ ಅದೇ ಪಿಚರ್ ಹತ್ತಿರ ಎರಡನೇ ಸಲ ನಡೆದುಹೋದರೆ ಆ ಪಿಚರ್‌ನ ಬದಲಾಯಿಸಲೇಬೇಕು, ಅದು ನಿಯಮ. ಆಗ ಕ್ಯಾಮೆರಾ ಬುಲ್‌ಪೆನ್ ಕಡೆ ತಿರುಗುತ್ತೆ. ಅಲ್ಲಿಂದ ಎದ್ದು ಬರೋ ಹುಡುಗ ನಿನ್ನೆ ಎಷ್ಟು ಎಸೆದಿದ್ದ ಅನ್ನೋದನ್ನ ಹಿಂದಿನ ದಿನದ ಅಂಕಪಟ್ಟಿ ತೆಗೆದು ಹುಡುಕಿ ನೋಡಿ.