ಚಳಿಗಾಲದಲ್ಲಿ ಸ್ಟೆಪೀಲಿಯಾ ಸುಕ್ಕಾದರೆ ನೀರು ಹಾಕಬೇಕಾ?

[ಮೇಜಿನ ಮೇಲೆ ಪಕ್ಕಪಕ್ಕ ಎರಡು ಕುಂಡ]

ನಮಸ್ಕಾರ. ಈ ಎರಡು ಕುಂಡ ನೋಡಿ. ಎರಡರಲ್ಲೂ ಸ್ಟೆಪೀಲಿಯಾ. ಎರಡರ ಕಾಂಡವೂ ಸುಕ್ಕಾಗಿದೆ, ಬಣ್ಣ ಮಂಕಾಗಿದೆ. ಒಂದಕ್ಕೆ ಈಗ ನೀರು ಬೇಕು. ಇನ್ನೊಂದಕ್ಕೆ ಹಾಕಿದರೆ ಗಿಡ ಉಳಿಯುವುದಿಲ್ಲ. ಯಾವುದಕ್ಕೆ ಹಾಕುತ್ತೀರಿ?

ಚಳಿ ಬಿದ್ದಾಗಿನಿಂದ ನೀವು ಪದೇ ಪದೇ ಕೇಳುತ್ತಿರುವುದು ಇದನ್ನೇ. "ಗಿಡ ಸೊರಗಿದೆ, ನೀರು ಹಾಕ್ಲಾ?"

ಹೊಸಬರಿಗೆ ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ. ಸ್ಟೆಪೀಲಿಯಾಡ್ ಅಂದರೆ ಒಂದು ಗಿಡವಲ್ಲ, ಒಂದು ಬಳಗ. ಸ್ಟೆಪೀಲಿಯಾ, ಹ್ಯೂರ್ನಿಯಾ, ಆರ್ಬಿಯಾ, ಕ್ಯಾರಲುಮಾ, ಹೂಡಿಯಾ ಎಲ್ಲ ಇದರೊಳಗೇ ಬರುತ್ತವೆ. ನೋಡಲು ಕಳ್ಳಿಯ ಹಾಗಿವೆ, ಆದರೆ ಕಳ್ಳಿಯಲ್ಲ. ಇವು ನಮ್ಮ ಎಕ್ಕದ ಗಿಡದ ನೆಂಟರು. ಇವುಗಳಲ್ಲಿ ಹಲವುಗಳ ಹೂವಿಗೆ ಕೊಳೆತ ಮಾಂಸದ ವಾಸನೆ, ನೊಣ ಬರಲಿ ಅಂತ. ಹೂವಿನ ಕಥೆ ದೊಡ್ಡದು, ಅದಕ್ಕೆ ಬೇರೆ ವಿಡಿಯೋನೇ ಮಾಡಬೇಕು.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರೋಣ. ಇದು ಗೊತ್ತಾದ ಮೇಲೆ ಚಳಿಗಾಲದಲ್ಲಿ ನೀರಿನ ತಂಬಿಗೆ ಹಿಡಿಯುವ ಕೈ ತಾನಾಗಿ ನಿಧಾನವಾಗುತ್ತದೆ.

ಸಾಮಾನ್ಯವಾಗಿ ಗಿಡಗಳು ಹಗಲು ಹೊತ್ತಿನಲ್ಲಿ ಎಲೆಯ ಸಣ್ಣ ರಂಧ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ. ರಂಧ್ರ ತೆರೆದಾಗ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಬಿಸಿಲ ನಾಡಿನ ಗಿಡಕ್ಕೆ ಈ ಖರ್ಚು ತಡೆಯುವುದಿಲ್ಲ. ಅದಕ್ಕೇ ಸ್ಟೆಪೀಲಿಯಾ ಹಗಲು ರಂಧ್ರ ಮುಚ್ಚಿಕೊಳ್ಳುತ್ತದೆ. ತೆರೆಯುವುದು ರಾತ್ರಿ, ತಂಪಾದ ಮೇಲೆ. ಆದರೆ ರಾತ್ರಿ ಬೆಳಕಿಲ್ಲ, ಆಹಾರ ಮಾಡಲು ಆಗುವುದಿಲ್ಲ, ಅಲ್ವಾ? ಅದಕ್ಕೆ ಸಿಕ್ಕಿದ್ದನ್ನು ಮ್ಯಾಲಿಕ್ ಆಮ್ಲ ಮಾಡಿ ಕಾಂಡದೊಳಗೆ ಕೂಡಿಡುತ್ತದೆ. ಹುಳಿ ಸೇಬಿನಲ್ಲಿ ಇರುತ್ತದಲ್ಲ, ಅದೇ ಆಮ್ಲ. ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು, ಕೂಡಿಟ್ಟದ್ದನ್ನು ಬಿಚ್ಚಿ ಬೆಳಕಲ್ಲಿ ಸಕ್ಕರೆ ಮಾಡುತ್ತದೆ.

ಅಂದರೆ ಬೆಳಗ್ಗೆ ಈ ಗಿಡದ ರಸ ಜಾಸ್ತಿ ಹುಳಿ, ಸಂಜೆಗೆ ಕಮ್ಮಿ! ಇಂಥ ಹುಳಿಯನ್ನು ಗಮನಿಸಿದ್ದು ನಾಲಿಗೆಯಿಂದ, ಅದೂ ಭಾರತದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿ ಬೆಂಜಮಿನ್ ಹೈನೆ ಒಂದು ಗಿಡದ ಎಲೆ ಅಗಿದು ನೋಡಿದ. ಮುಂಜಾನೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಅವನ ಬರಹ 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಗಿಡ ಯಾವುದು ಗೊತ್ತಾ? ನಾವು ಕಾಡುಬಸಳೆ ಅನ್ನುತ್ತೇವಲ್ಲ, ಎಲೆಯಂಚಿನಲ್ಲೇ ಮರಿ ಹುಟ್ಟುವ ಗಿಡ, ಅದು. ಸ್ಟೆಪೀಲಿಯಾ ಬೇರೆ ಕುಲದ್ದಾದರೂ ಉಪಾಯ ಒಂದೇ. ನೀವು ಮಾತ್ರ ಯಾವುದನ್ನೂ ಅಗಿದು ನೋಡಬೇಡಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ನೀರು ತೀರಾ ಕಮ್ಮಿಯಾದರೆ ಈ ಬಗೆಯ ಗಿಡಗಳು ರಾತ್ರಿಯೂ ರಂಧ್ರ ತೆರೆಯುವುದಿಲ್ಲ. ಉಸಿರಾಟದಲ್ಲಿ ಹೊರಬಿದ್ದ ಇಂಗಾಲದ ಡೈಆಕ್ಸೈಡನ್ನೇ ಒಳಗೆ ಹಿಡಿದು ಮತ್ತೆ ಬಳಸುತ್ತವೆ. ಹೊರಗೆ ಕಾಲಿಡದೆ ಮನೆಯಲ್ಲಿರುವ ದಿನಸಿಯಲ್ಲೇ ತಿಂಗಳು ದೂಡಿದ ಹಾಗೆ. ಬೆಳವಣಿಗೆ ಇಲ್ಲ, ಆದರೆ ಜೀವ ಗಟ್ಟಿಯಾಗಿದೆ. ನಿಮ್ಮ ಕಿಟಕಿಯ ಬಳಿ ಸುಕ್ಕಾಗಿ ಕೂತಿರುವ ಗಿಡ ಸಾಯುತ್ತಿದೆ ಅಂತ ನಿಮಗೆ ಅನ್ನಿಸಬಹುದು. ಎಷ್ಟೋ ಸಲ ಅದು ಸುಮ್ನೆ ಬಾಗಿಲು ಹಾಕಿಕೊಂಡು ಕೂತಿರುತ್ತದೆ.

[ಹತ್ತಿರದ ಶಾಟ್: ಕಾಂಡದ ಬುಡ]

ಹಾಗಾದರೆ ಈ ಎರಡು ಕುಂಡ? ತುದಿ ನೋಡಬೇಡಿ, ಬುಡ ನೋಡಿ. ಮಣ್ಣಿಗೆ ತಾಗುವ ಜಾಗವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿ. ಎಡಗಡೆಯದು ಬುಡದಿಂದ ತುದಿವರೆಗೆ ಒಂದೇ ಸಮ ಸುಕ್ಕಾಗಿದೆ. ಬುಡ ಗಟ್ಟಿಯಾಗಿದೆ. ಅಲ್ಲಾಡಿಸಿದರೆ ಬೇರು ಹಿಡಿದುಕೊಂಡಿರುವುದು ಗೊತ್ತಾಗುತ್ತದೆ. ಮಣ್ಣು ಪೂರ್ತಿ ಒಣಗಿದೆ. ಇದಕ್ಕೆ ಬಾಯಾರಿಕೆ.

ಬಲಗಡೆಯದು? ಬುಡ ಮೆತ್ತಗಿದೆ, ಸುತ್ತ ಕಂದು ಉಂಗುರ ಕಟ್ಟಿದೆ, ಮುಟ್ಟಿದರೆ ಗಿಡ ತೂಗಾಡುತ್ತದೆ, ಮಣ್ಣು ಇನ್ನೂ ತೇವವಾಗಿದೆ. ಇದರ ಬೇರು ಕೊಳೆತಿದೆ. ಬೇರಿಲ್ಲದ ಗಿಡ ನೀರಿನ ನಡುವೆ ಕೂತೇ ಒಣಗುತ್ತದೆ. ಅದಕ್ಕೇ ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಹೋದ ಚಳಿಗಾಲದಲ್ಲಿ ನಾನೂ ಇಲ್ಲೇ ಎಡವಿದೆ. ಬುಡ ಮುಟ್ಟದೆ ನೀರು ಹಾಕಿಬಿಟ್ಟೆ. ಮೂರನೇ ದಿನ ಗಿಡ ಒಂದು ಕಡೆಗೆ ವಾಲಿತ್ತು. ಕೊಯ್ದು ನೋಡಿದರೆ ನಡುವೆಲ್ಲ ಕಂದು. ಐದು ವರ್ಷದ ಗಿಡ, ತುಂಬಾ ಬೇಜಾರಾಯಿತು. ಮೂರು ತುದಿ ಮಾತ್ರ ಉಳಿದವು.

ಬಲಗಡೆಯ ಗಿಡದ್ದೂ ಈಗ ಹಾಗೇ ಕೊಳೆಯದ ತುದಿ ಕೊಯ್ದು ಉಳಿಸಿಕೊಳ್ಳುತ್ತೇನೆ. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಳಗೆ ಪೂರ್ತಿ ಹಸಿರು ಕಾಣುವವರೆಗೆ ಕೊಯ್ಯಬೇಕು. ಒಂದು ಚುಕ್ಕೆ ಕಂದು ಉಳಿದರೂ ಇನ್ನಷ್ಟು ಮೇಲಕ್ಕೆ ಕೊಯ್ಯಿರಿ. ಆಮೇಲೆ ತುಂಡನ್ನು ನೆರಳಲ್ಲಿ ಒಂದು ವಾರ ಒಣಗಲು ಬಿಡಿ. ಚಳಿ ಜಾಸ್ತಿ ಇದ್ದರೆ ಇನ್ನೂ ಕೆಲವು ದಿನ ಬಿಟ್ಟರೂ ತೊಂದರೆ ಇಲ್ಲ.

ಎಡಗಡೆಯದಕ್ಕೆ ನೀರು. ಎಷ್ಟು? ಕಳ್ಳಿಯಂತೆ ಚಳಿಗಾಲ ಪೂರ್ತಿ ಒಣಗಿಸಿಡಬೇಕು ಅನ್ನುವವರಿದ್ದಾರೆ. ಮನೆಯೊಳಗಿನ ಸ್ಟೆಪೀಲಿಯಾಗೆ ಅದು ಸರಿ ಅಂತ ನನಗೆ ಅನ್ನಿಸುವುದಿಲ್ಲ. ತಿಂಗಳುಗಟ್ಟಲೆ ಒಣಗಿದರೆ ಕೂದಲಿನಂಥ ಸಣ್ಣ ಬೇರುಗಳು ಸಾಯುತ್ತವೆ. ಬೇಸಿಗೆಗೆ ನೀರು ಕೊಟ್ಟಾಗ ಕುಡಿಯಲು ಬಾಯಿಯೇ ಇರುವುದಿಲ್ಲ. ತಂಪಾದ ಕೋಣೆಯಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ ಸ್ವಲ್ಪ ನೀರು ಸಾಕು. ಬಿಸಿಲಿರುವ ದಿನ, ಬೆಳಗ್ಗೆ ಹಾಕಿ. ತಣ್ಣನೆ ನೀರು ಬೇಡ. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಹೀಟರ್ ಉರಿಯುವ ಕೋಣೆಯಾದರೆ ಮಣ್ಣು ಬೇಗ ಒಣಗುತ್ತದೆ, ಅಲ್ಲಿ ಲೆಕ್ಕ ಬೇರೆ. ಕುಂಡವನ್ನು ಎತ್ತಿ ನೋಡಿ. ಒಣಗಿದ ಕುಂಡದ ಹಗುರ ಎರಡು ಸಲಕ್ಕೇ ಕೈಗೆ ಗೊತ್ತಾಗುತ್ತದೆ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಕೋಣೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಿರಲಿ. ಇದೇ ಬಳಗದ ಎಡಿತ್‌ಕೋಲಿಯಾ, ಸ್ಯೂಡೋಲಿಥೋಸ್ ಇದ್ದರೆ 15ರ ಮೇಲೇ ಇಡಿ. ರಾತ್ರಿ ಕಿಟಕಿಯ ಗಾಜಿಗೆ ಕಾಂಡ ತಾಗಬಾರದು. ಗೊಬ್ಬರ ಬೇಡ, ಎಲೆಗಿಡಗಳಿಗೆ ಮಾಡುವಂತೆ ನೀರು ಸಿಂಪಡಿಸುವುದೂ ಬೇಡ. ಬೆಳಕು ಎಷ್ಟಾದರೂ ಒಳ್ಳೆಯದು. ನೀರು ಹಾಕಿ ವಾರವಾದರೂ ಸುಕ್ಕು ಬಿಡದಿದ್ದರೆ ಕುಂಡದಿಂದ ತೆಗೆದು ಬೇರು ನೋಡಿ. ಹತ್ತಿಯಂಥ ಬಿಳಿ ಚುಕ್ಕೆ ಇದ್ದರೆ ಅದು ಹಿಟ್ಟು ತಿಗಣೆ. ಬೇರು ತೊಳೆದು, ಒಣಗಿಸಿ, ಹೊಸ ಮಣ್ಣಿಗೆ ಹಾಕಿ. ಆ ಮಣ್ಣಿನಲ್ಲಿ ಅರ್ಧದಷ್ಟಾದರೂ ದಪ್ಪ ಮರಳು ಅಥವಾ ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳು ಇರಲಿ.

ನಿಮ್ಮ ಗಿಡದ ಬಗ್ಗೆ ಅನುಮಾನ ಇದ್ದರೆ ಕೆಳಗೆ ಬರೆಯಿರಿ. ಬುಡ ಗಟ್ಟಿಯಾಗಿದೆಯಾ ಮೆತ್ತಗಿದೆಯಾ, ಕೊನೆಯ ಸಲ ನೀರು ಹಾಕಿದ್ದು ಯಾವಾಗ, ಎರಡನ್ನೂ ಹೇಳಿ. ಉತ್ತರ ಬರುವವರೆಗೆ ನೀರು ಹಾಕಬೇಡಿ.