ದಪ್ಪ ಸಿಂಥ್‌ಗೆ ಐದು ದನಿ ಸಾಕು

ಸಿಂಥಸೈಜರ್‌ನಲ್ಲಿ ಯೂನಿಸನ್ (ಒಂದೇ ಸ್ವರವನ್ನ ಒಟ್ಟಿಗೆ ನುಡಿಸೋ ದನಿಗಳ ಸಂಖ್ಯೆ) 16, ಡಿಟ್ಯೂನ್ (ಆ ದನಿಗಳ ಶ್ರುತಿ ಎಷ್ಟು ಸರಿದಿರಬೇಕು ಅನ್ನೋದು) ಪೂರ್ತಿ ಬಲಕ್ಕೆ, ಮೇಲೊಂದು ದೊಡ್ಡ ರಿವರ್ಬ್ (ಮಾರ್ದನಿ). ದಪ್ಪ ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ನಿಲ್ಲೋ ನಾದ) ಬೇಕು ಅಂದಾಗ ಮೊದಲು ಕೈ ಹೋಗೋದು ಇಲ್ಲಿಗೇ. ಒಂಟಿಯಾಗಿ ಕೇಳಿದಾಗ ಭರ್ಜರಿಯಾಗಿರುತ್ತೆ. ಹಾಡಿನೊಳಗೆ ಇಟ್ಟ ಕೂಡಲೇ ಶ್ರುತಿ ಎಲ್ಲಿದೆ ಅಂತ ಗೊತ್ತಾಗಲ್ಲ, ಹಾಡುವವರಿಗೆ ಜಾಗವೇ ಉಳಿಯಲ್ಲ. ದನಿ ಹೆಚ್ಚಿಸೋದನ್ನ ಬಿಟ್ಟು, ದನಿಗಳ ನಡುವಿನ ಅಂತರವನ್ನ ಲೆಕ್ಕ ಹಾಕಿ ಇಡಿ ಅಂತ ನಾನು ಹೇಳ್ತೀನಿ. ಐದು ದನಿಯಲ್ಲೇ ಕೆಲಸ ಆಗುತ್ತೆ.

ತಂಬೂರಿ ಶ್ರುತಿ ಮಾಡುವಾಗ ಗಮನಿಸಿ. ನಡುವಿನ ಎರಡು ತಂತಿ ಒಂದೇ ಷಡ್ಜಕ್ಕೆ ಸೇರೋ ಮುಂಚೆ ಒಂದು ಅಲೆ ಕೇಳುತ್ತೆ. ಹತ್ತಿರ ಬಂದಷ್ಟೂ ಅಲೆ ನಿಧಾನವಾಗಿ, ಸೇರಿದಾಗ ನಿಲ್ಲುತ್ತೆ. ಅಲ್ಲಿ ಬೇಡವಾದ ಆ ಅಲೆಯನ್ನೇ ಇಲ್ಲಿ ನಾವು ಉಳಿಸಿಕೊಳ್ತೀವಿ. ಅದರ ವೇಗ ಎಷ್ಟು ಅನ್ನೋದು ಪೂರ್ತಿ ಲೆಕ್ಕದ ವಿಷಯ.

440 ಹರ್ಟ್ಸ್ ಸ್ವರದಲ್ಲಿ ಎರಡು ದನಿ 10 ಸೆಂಟ್ (ಕೀಬೋರ್ಡಿನ ಪಕ್ಕಪಕ್ಕದ ಎರಡು ಕೀಗಳ ನಡುವೆ 100 ಸೆಂಟ್) ದೂರ ಇದ್ದರೆ ಸೆಕೆಂಡಿಗೆ ಸುಮಾರು 2.5 ಅಲೆ. ಹಿತವಾದ ತೂಗಾಟ. ಅದೇ 10 ಸೆಂಟ್ 1760 ಹರ್ಟ್ಸ್‌ನಲ್ಲಿ 10 ಅಲೆ ಆಗಿ ನಡುಕದ ಹಾಗೆ ಕೇಳುತ್ತೆ. 55 ಹರ್ಟ್ಸ್‌ಗೆ ಇಳಿದರೆ ಒಂದು ಅಲೆಗೆ ಮೂರು ಸೆಕೆಂಡ್! ಅಂದರೆ ಮೂರು ಸೆಕೆಂಡಿಗೊಮ್ಮೆ ಬೇಸ್‌ನ ಮೂಲ ಸ್ವರವೇ ಮಾಯ. ಮಿಕ್ಸ್‌ನಲ್ಲಿ ಬೇಸ್ ಬಂದು ಹೋಗಿ ಮಾಡ್ತಿದ್ದರೆ ಕಂಪ್ರೆಸರ್ ಹುಡುಕಬೇಡಿ, ಕಾರಣ ಇದು. ಡಿಟ್ಯೂನ್ ಆದ ಪದರವನ್ನ 120 ಹರ್ಟ್ಸ್ ಸುಮಾರಿಗೆ ಹೈಪಾಸ್ ಮಾಡಿ (ಅದರ ಕೆಳಗಿನದನ್ನ ಕತ್ತರಿಸಿ), ಕೆಳಗಿನ ಸ್ವರವನ್ನ ಬೇರೆ ಟ್ರ್ಯಾಕ್‌ನಲ್ಲಿ ಒಂದೇ ದನಿಯ ಸೈನ್ (ಮೇಲ್ಸ್ವರಗಳಿಲ್ಲದ ಸರಳ ತರಂಗ) ಆಗಿ, ಮೋನೋದಲ್ಲಿ ನುಡಿಸಿ.

ಎರಡನೇ ತಪ್ಪು ಸಮ ಅಂತರ. ಐದು ದನಿಯನ್ನ ಐದೈದು ಸೆಂಟ್ ಅಂತರದಲ್ಲಿ ಇಟ್ಟರೆ ಅಲೆಗಳ ವೇಗ ಹೆಚ್ಚುಕಮ್ಮಿ ಒಂದೇ ಸಂಖ್ಯೆಯ ಒಂದು, ಎರಡು, ಮೂರು, ನಾಲ್ಕು ಪಟ್ಟು ಆಗುತ್ತೆ. 440 ಹರ್ಟ್ಸ್‌ನಲ್ಲಿ ಸುಮಾರು 0.8 ಸೆಕೆಂಡಿಗೊಮ್ಮೆ ಇಡೀ ವಿನ್ಯಾಸ ಮತ್ತೆ ಮೊದಲಿಂದ. ಕಿವಿ ಅದನ್ನ ಬೇಗ ಹಿಡಿಯುತ್ತೆ. 1990ರ ದಶಕದ ಸಿಂಥ್ ರೋಲ್ಯಾಂಡ್ ಜೆಪಿ-8000ರ ಸೂಪರ್‌ಸಾ ಅನ್ನೋ ಸೌಂಡ್ ಇವತ್ತಿಗೂ ಜೀವಂತ ಅನ್ನಿಸೋದು ಈ ಸಮ ಅಂತರ ಇಲ್ಲದ್ದರಿಂದಲೇ. ಅದರಲ್ಲಿ ಏಳು ಸಾಟೂತ್ (ಗರಗಸದ ಹಲ್ಲಿನ ಆಕಾರದ ತರಂಗ) ದನಿ. ಡಿಟ್ಯೂನ್ ತುದಿ ಮುಟ್ಟಿಸಿದಾಗ ನಡುವಿನಿಂದ ಕೆಳಗೆ ಸುಮಾರು ಶೇ. 2, 6.3, 11, ಮೇಲೆ 2, 6.2, 10.7. ಎರಡು ಕಡೆಯೂ ಸರಿಸಮ ಇಲ್ಲ, ಅಂತರಗಳೂ ಒಂದೇ ಅಲ್ಲ. ಇನ್ನೊಂದು ಗುಟ್ಟು ಆ ನಾಬ್‌ನದು: ಅರ್ಧಕ್ಕಿಂತ ಹೆಚ್ಚು ದೂರ ತಿರುಗಿಸಿದರೂ ಬದಲಾವಣೆ ಕಡಿಮೆ, ಕೊನೆಯಲ್ಲಿ ಮಾತ್ರ ಜಿಗಿತ. ಒಳ್ಳೆ ಸೌಂಡ್ ಇರೋ ಜಾಗಕ್ಕೆ ನಾಬ್‌ನ ಬಹುಪಾಲು ಮೀಸಲು.

ಇದನ್ನ ಕಟ್ಟೋಕೆ ದುಡ್ಡು ಬೇಕಿಲ್ಲ. ಸರ್ಜ್ ಎಕ್ಸ್‌ಟಿ ಅನ್ನೋ ಸಿಂಥ್ ಸಾಫ್ಟ್‌ವೇರ್ ಉಚಿತ, ಓಪನ್ ಸೋರ್ಸ್. ಮೊದಲ ಆಸಿಲೇಟರ್ (ನಾದ ಹುಟ್ಟಿಸೋ ಭಾಗ) ಕ್ಲಾಸಿಕ್, ಸಾಟೂತ್, ಯೂನಿಸನ್ 5, ಡಿಟ್ಯೂನ್ 12 ಸೆಂಟ್. ಎರಡನೆಯದು ಅದೇ ಸಾಟೂತ್, ಒಂದೇ ದನಿ, ಡಿಟ್ಯೂನ್ ಇಲ್ಲ. ಇದು ಶ್ರುತಿ ಹಿಡಿಯೋ ದನಿ, ಮಟ್ಟ ಮೊದಲನೆಯದಕ್ಕಿಂತ 3 ಡೆಸಿಬೆಲ್ ಕೆಳಗೆ. ಮೂರನೆಯದು ಒಂದು ಆಕ್ಟೇವ್ ಮೇಲೆ, 2 ದನಿ, 7 ಸೆಂಟ್, 9 ಡೆಸಿಬೆಲ್ ಕೆಳಗೆ. 12ಕ್ಕೂ 7ಕ್ಕೂ ಹೊಂದಾಣಿಕೆ ಇಲ್ಲದ್ದರಿಂದ ಇಡೀ ವಿನ್ಯಾಸ ಅಷ್ಟು ಬೇಗ ಮರುಕಳಿಸಲ್ಲ. ಆಸಿಲೇಟರ್ ಡ್ರಿಫ್ಟ್ (ಶ್ರುತಿಯ ಸಣ್ಣ ಅಲೆದಾಟ) ಸ್ವಲ್ಪ ಎತ್ತಿ. ಕೀಟ್ರ್ಯಾಕ್ (ಸ್ವರ ಮೇಲೇರಿದಷ್ಟೂ ಏರೋ ಸಂಕೇತ) ಅನ್ನ ಡಿಟ್ಯೂನ್‌ಗೆ ಮೈನಸ್ ದಿಕ್ಕಿನಲ್ಲಿ ಜೋಡಿಸಿದರೆ ಮೇಲಿನ ಸ್ವರಗಳ ನಡುಕ ಇಳಿಯುತ್ತೆ. ಇಷ್ಟು ಮಾಡಿಯೂ ಸೌಂಡ್ ಮಧ್ಯದಲ್ಲೇ ಮುದುಡಿಕೊಂಡಿದ್ದರೆ ಫಿಲ್ಟರ್ ಜೋಡಣೆ ನೋಡಿ. ಅದು 'ವೈಡ್'ನಲ್ಲಿ ಇದ್ದರೆ ಯೂನಿಸನ್‌ನ ಸ್ಟೀರಿಯೋ ಹರಡುವಿಕೆ ಫಿಲ್ಟರ್ ದಾಟಿ ಬರುತ್ತೆ. ಪ್ರೊಸೆಸರ್ ಮೇಲೆ ಹೊರೆ ಹೆಚ್ಚುತ್ತೆ, ಅದಕ್ಕೇ 16 ದನಿ ಬೇಡ ಅನ್ನೋದು.

ರೀಟ್ರಿಗರ್ (ಪ್ರತಿ ಸ್ವರಕ್ಕೂ ತರಂಗವನ್ನ ಒಂದೇ ಜಾಗದಿಂದ ಶುರು ಮಾಡೋದು) ಆಫ್ ಇರಲಿ. ಐದು ದನಿಯೂ ಒಂದೇ ಫೇಸ್‌ನಲ್ಲಿ (ತರಂಗದ ಒಂದೇ ಹಂತದಲ್ಲಿ) ಶುರುವಾದರೆ ಮೊದಲ ಕ್ಷಣದಲ್ಲಿ ಮಟ್ಟ ಒಂದು ದನಿಗಿಂತ 14 ಡೆಸಿಬೆಲ್ ಏರುತ್ತೆ. ಬೇರೆ ಬೇರೆ ಫೇಸ್‌ನಲ್ಲಿ ಸರಾಸರಿ 7. ಪ್ರತಿ ಸ್ವರದ ತಲೆಯಲ್ಲಿ ಬರೋ ಆ ಚಟ್ ಅನ್ನೋ ಸದ್ದು ಈ ವ್ಯತ್ಯಾಸದ್ದು. ಪ್ಲಕ್‌ಗೆ ಅದು ಬೇಕಾಗಬಹುದು, ಪ್ಯಾಡ್‌ಗೆ ಖಂಡಿತ ಬೇಡ.

ಡಿಸ್ಟಾರ್ಷನ್ ಹಾಕೋರು ಜಾಗ ನೋಡಿ ಹಾಕಿ. ಇಡೀ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಮೇಲೆ ಹಾಕಿದರೆ ಸ್ವರಗಳ ವ್ಯತ್ಯಾಸದ ಆವೃತ್ತಿಗಳೆಲ್ಲ ಕೆಳಗೆ ಹುಟ್ಟಿಕೊಂಡು ರಾಡಿ ಆಗುತ್ತೆ. ಸರ್ಜ್‌ನ ವೇವ್‌ಶೇಪರ್ (ಅದರ ಡಿಸ್ಟಾರ್ಷನ್ ಭಾಗ) ಪ್ರತಿ ಸ್ವರಕ್ಕೂ ಪ್ರತ್ಯೇಕ ಕೆಲಸ ಮಾಡುತ್ತೆ, ಅಲ್ಲೇ ಹಾಕಿ. ಆಮೇಲೆ ಮಾಸ್ಟರ್‌ನಲ್ಲಿ ಮೋನೋ ಒತ್ತಿ ಒಂದು ನಿಮಿಷ ಕೇಳಿ. ಸೌಂಡ್ ಉಬ್ಬಿ ತಗ್ಗಿ ಮಾಡಿದರೆ ಎರಡನೇ ಆಸಿಲೇಟರ್ ಅನ್ನ 3 ಡೆಸಿಬೆಲ್ ಏರಿಸಿ.

ಕೊನೆಗೆ, ರಾಗ ಬಳಸೋರಿಗೆ. ಕೀಬೋರ್ಡಿನ ಗಾಂಧಾರ 400 ಸೆಂಟ್, ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಸೋ ಅಂತರ ಗಾಂಧಾರ 386. ನಡುವೆ 14 ಸೆಂಟ್ ಅಷ್ಟೇ. ಲೀಡ್ (ರಾಗ ನುಡಿಸೋ ಮುಖ್ಯ ಸೌಂಡ್) ಎರಡೂ ಕಡೆ 15 ಸೆಂಟ್ ಹರಡಿದರೆ ಆ ಸ್ವರಸ್ಥಾನ ಅಳಿಸಿಹೋಗುತ್ತೆ, ಗಮಕ ಬರೀ ಜಾರಾಟ ಆಗುತ್ತೆ. ಗಮಕ ಇರೋ ಲೀಡ್‌ಗೆ ಎರಡೇ ದನಿ, 4 ಸೆಂಟ್ ಒಳಗೆ. ಅಗಲ ಬೇಕಾದರೆ ಅದನ್ನ ಹಿಂದಿನ ಪ್ಯಾಡ್‌ಗೆ ಕೊಡಿ, ಆ ಪ್ಯಾಡ್‌ನಲ್ಲಿ ಗಾಂಧಾರ ಬಿಟ್ಟು ಷಡ್ಜ, ಪಂಚಮ ಮಾತ್ರ ನುಡಿಸಿ.